ನೆತ್ತಿಯ ಮೇಲೆ ಕೂತ ಪ್ರಾಣಿ

(ಮೈಸೂರಿನಲ್ಲಿ ಹಳೇ ಮನೆಗಳ ಬಗ್ಗೆ ಆಸಕ್ತಿ ಇರುವವರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳಿವು. ಅಲ್ಲಿ ಚಿತ್ರ ತೋರಿಸಿ ದಾಟಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಲು ನೋಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಛಾವಣಿಯ ಶಿರೋಲಂಕಾರಗಳು’ ಎಂದು ಅಚ್ಚಾಗಿದೆ. ಅದನ್ನು ಓದಿ ಯಾರಾದರೂ ಜಡೆಬಿಲ್ಲೆ, ನಾಗರಜಡೆ ವಿಚಾರ ಕೇಳಲು ಬಂದಿದ್ದರೆ ಕ್ಷಮೆ ಇರಲಿ. ನಾನು ಹೇಳಹೊರಟಿರುವುದು ಒಂದು ಡ್ರ್ಯಾಗನ್ ಸಮಾಚಾರ.

ನಾನು ಮಣ್ಣಿನ ಕೆಲಸದವಳು. ಹುಟ್ಟಿದ್ದು ಮಂಡ್ಯದ ಕಡೆ, ಕೆಲಸದ ಶೆಡ್ಡು ಇಲ್ಲಿ ಮೈಸೂರಲ್ಲಿ. ಎರಡು ವರ್ಷದ ಹಿಂದೆ ಯಾದವಗಿರಿಯ ಹೆಂಚಿನ ಮನೆಯ ಯಜಮಾನರೊಬ್ಬರು ಫೋನು ಹಿಡಿದುಕೊಂಡು ಬಂದರು. ಇಂಗ್ಲೆಂಡಿಗೆ ಓದಲು ಹೋದ ಮಗಳು ಅಲ್ಲಿನ ಹಳೇ ಮನೆಗಳ ಫೋಟೊ ಕಳಿಸಿದ್ದಳು. ಕೆಂಪು ಹೆಂಚಿನ ಸೂರು. ಎರಡು ಇಳಿಜಾರು ಕೂಡುವ ನೆತ್ತಿಯ ತುದಿಯಲ್ಲಿ ಸುಟ್ಟ ಮಣ್ಣಿನ ಡ್ರ್ಯಾಗನ್ ಒಂದು ರೆಕ್ಕೆ ಬಿಚ್ಚಿ, ಬಾಯಿ ತೆರೆದು ರಸ್ತೆ ನೋಡುತ್ತಾ ಕೂತಿದೆ. “ಇಂಥದ್ದು ಒಂದು ಮಾಡಿಕೊಡ್ತೀರಾ ಮೇಡಂ? ನಮ್ಮನೆಗೂ ಹೆಂಚೇ ಅಲ್ವಾ” ಅಂದರು.

ನಿಜ ಹೇಳಿಬಿಡುತ್ತೇನೆ, ನನಗೆ ನಗು ಬಂತು. ನಮ್ಮೂರಲ್ಲಿ ಕಾಂಪೌಂಡಿನ ಮೇಲೆ ಸಿಮೆಂಟ್ ಸಿಂಹ ಕೂರಿಸುವವರನ್ನು ನೋಡಿದ್ದೇನೆ, ಗೇಟಿನ ಮೇಲೆ ಗರುಡ ಕೂರಿಸುವವರನ್ನೂ ನೋಡಿದ್ದೇನೆ. ಡ್ರ್ಯಾಗನ್ ಮಾತ್ರ ಮಕ್ಕಳ ಟೀವಿಯ ಸಾಮಾನು ಅಂದುಕೊಂಡಿದ್ದೆ. ಮುಂಗಡ ಕೊಟ್ಟರು, ತೆಗೆದುಕೊಂಡೆ. ಮಾಡಲು ಕೂತ ಮೇಲೆ ಒಂದು ಪ್ರಶ್ನೆ ಬಿಡದೆ ಕಾಡಿತು. ಕಷ್ಟಪಟ್ಟು ಅಷ್ಟೆತ್ತರ ಹತ್ತಿ, ಯಾರ ಕಣ್ಣಿಗೂ ಸರಿಯಾಗಿ ಕಾಣದ ಜಾಗದಲ್ಲಿ ಜನ ಯಾಕೆ ಪ್ರಾಣಿ ಕೂರಿಸುತ್ತಾರೆ?

ಉತ್ತರದ ಮೊದಲ ತುಣುಕು ಕೊಟ್ಟವರು ಹೆಂಚು ಕೈಯಾಡುವ ಒಬ್ಬ ಮೇಸ್ತ್ರಿ. ಜಾಗ ನೋಡಲೆಂದು ಅವರ ಜೊತೆ ಆ ಮನೆಯ ಸೂರು ಹತ್ತಿದ್ದೆ. ನೆತ್ತಿಗೆ ಕವುಚಿದ ಹೆಂಚೊಂದನ್ನು ಎತ್ತಿ, ಕೆಳಗೆ ಪುಡಿಪುಡಿಯಾಗಿದ್ದ ಗಾರೆಯನ್ನು ಬೆರಳಲ್ಲಿ ಕೆದಕಿ ತೋರಿಸಿದರು. “ನೀರು ಹೆಂಚಿಂದ ಬರಾಕಿಲ್ಲ ಕಣವ್ವ, ಸಂದಿಯಿಂದ ಬತ್ತದೆ” ಅಂದರು.

ಮಂಗಳೂರು ಹೆಂಚು ನಿಮಗೆಲ್ಲ ಗೊತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಶುರು ಮಾಡಿದ್ದು. ಒಂದರ ತೋಡಿಗೆ ಇನ್ನೊಂದರ ಏಣು ಕೂತು ಬಿಗಿಯುವ ಹಾಗೆ ಅದರ ಅಚ್ಚು. ಇಳಿಜಾರಿನ ಉದ್ದಕ್ಕೂ ನೀರಿಗೆ ದಾರಿಯೇ ಇಲ್ಲ. ನೆತ್ತಿಗೆ ಬಂದರೆ ಆ ಜಾಣ್ಮೆ ನಿಂತುಹೋಗುತ್ತದೆ. ಎಡದ ಇಳಿಜಾರು, ಬಲದ ಇಳಿಜಾರು ಬಂದು ಮುಟ್ಟುವ ಕಡೆ ಬಾಯಿ ತೆರೆದ ಸಂದು. ಅದರ ಮೇಲೆ ಮಡಿಸಿದ ಹೆಂಚು ಕವುಚಿ, ಗಾರೆ ಮೆತ್ತಿ, ದೇವರ ಮೇಲೆ ಭಾರ ಹಾಕುತ್ತೇವೆ. ನೆತ್ತಿಯ ಎರಡು ಕೊನೆಗಳಲ್ಲಂತೂ ಗಾಳಿ ಅಡಿಯಿಂದ ನುಗ್ಗಿ ಹೆಂಚನ್ನು ಎತ್ತುತ್ತದೆ. ಇಡೀ ಸೂರಿನಲ್ಲಿ ಅತಿ ಬಡಪಾಯಿ ಜಾಗ ಅದು. ಡ್ರ್ಯಾಗನ್ ಕೂತಿದ್ದೂ ಅಲ್ಲೇ.

ಅಲ್ಲಿಂದ ನಾನು ಪ್ರಪಂಚದ ಸೂರುಗಳನ್ನು ಈ ಮೇಸ್ತ್ರಿಯ ಕಣ್ಣಲ್ಲಿ ನೋಡತೊಡಗಿದೆ.

ಚೀನಾದಿಂದ ಶುರು ಮಾಡೋಣ, ಈ ವಿದ್ಯೆಯಲ್ಲಿ ಅವರೇ ದೊಡ್ಡವರು. ಬೀಜಿಂಗ್ ಅರಮನೆಯ ತೈಹೆ ಸಭಾಂಗಣದ ನೆತ್ತಿಯ ಎರಡು ಕೊನೆಯಲ್ಲೂ ಒಂದೊಂದು ಡ್ರ್ಯಾಗನ್ ಮುಖದ ಪ್ರಾಣಿ. ಹೆಸರು ಛಿವೆನ್. ಎತ್ತರ 3.4 ಮೀಟರ್, ಹತ್ತಿರಹತ್ತಿರ ಎರಡಾಳು. ಮೆರುಗು ಕೊಟ್ಟು ಸುಟ್ಟ ಮಣ್ಣಿನ 13 ತುಂಡುಗಳನ್ನು ಜೋಡಿಸಿದ್ದು, ತೂಕ 4.3 ಟನ್. ಅದು ಹೊರಗೆ ನೋಡುವುದಿಲ್ಲ, ಒಳಗೆ ತಿರುಗಿ ನೆತ್ತಿಯ ದಿಂಡನ್ನೇ ಕಚ್ಚಿ ಹಿಡಿದಿದೆ. ಬೆನ್ನಿಗೊಂದು ಕತ್ತಿ ಚುಚ್ಚಿದ್ದಾರೆ, ಹಿಡಿ ಮಾತ್ರ ಕಾಣುತ್ತದೆ; ಹಾರಿಹೋಗದಿರಲಿ ಅಂತಂತೆ! ಕತೆ ಪಕ್ಕಕ್ಕಿಟ್ಟು ಮೇಸ್ತ್ರಿಯ ಲೆಕ್ಕದಲ್ಲಿ ನೋಡಿ. ನೆತ್ತಿಯ ದಿಂಡೂ ಪಕ್ಕದ ಇಳಿಜಾರುಗಳ ದಿಂಡುಗಳೂ ಬಂದು ಸೇರುವ ಜಾಗ ಅದು. ಸಂದಿನ ಮೇಲೆ ಸಂದು. ಅಲ್ಲಿ ಗಾಳಿಗೆ ಜಗ್ಗದಂಥದ್ದು, ನೀರು ಬಿಡದಂಥದ್ದು ಏನಾದರೂ ಹೇರಲೇಬೇಕು. ಹೇರುವ ಭಾರಕ್ಕೆ ಕಣ್ಣು ಮೂಗು ಬಿಡಿಸಿದರು.

ಅದೇ ಸೂರಿನ ಮೂಲೆ ದಿಂಡುಗಳ ಮೇಲೆ ಸಣ್ಣ ಪ್ರಾಣಿಗಳ ಸಾಲಿದೆ. ಹೆಂಚು ಇಳಿಜಾರಿನಲ್ಲಿ ಜಾರದಿರಲಿ ಅಂತ ಕೆಳಗಿನ ಹೆಂಚುಗಳಿಗೆ ಮೊಳೆ ಹೊಡೆಯುತ್ತಾರೆ. ಮೊಳೆ ಹೊಡೆದಲ್ಲಿ ತೂತು, ತೂತಿದ್ದಲ್ಲಿ ನೀರು. ತೂತಿಗೊಂದು ಟೋಪಿ ಬೇಕು. ಟೋಪಿಯೇ ಬರಬರುತ್ತಾ ಸಿಂಹವಾಯಿತು, ಮೀನಾಯಿತು, ರೆಕ್ಕೆಯ ಕುದುರೆಯಾಯಿತು. ಕಟ್ಟಡದ ಅಂತಸ್ತು ಹೆಚ್ಚಿದಷ್ಟೂ ಪ್ರಾಣಿ ಹೆಚ್ಚು. ಸಾಮಾನ್ಯವಾಗಿ ಬೆಸ ಸಂಖ್ಯೆ. ತೈಹೆ ಸಭಾಂಗಣಕ್ಕೆ ಮಾತ್ರ 10. ಬೆಸ ಸಂಖ್ಯೆ ಅಂದ ಕೂಡಲೆ ನಿಮಗೆ ನಮ್ಮ ಗೋಪುರದ ಕಳಸಗಳು ನೆನಪಾಗಿರಬೇಕು. ನನಗೂ ಆಯಿತು, ಅಲ್ಲಿಗೆ ಬರುತ್ತೇನೆ.

ಛಿವೆನ್ ಕೆಲಸ ಬೆಂಕಿ ಕಾಯುವುದು ಎಂದು ಚೀನಾದ ನಂಬಿಕೆ. ಕ್ರಿಸ್ತಪೂರ್ವ 104ರಲ್ಲಿ ಹಾನ್ ವಂಶದ ದೊರೆಯ ಒಂದು ದೊಡ್ಡ ಮರದ ಕಟ್ಟಡ ಸುಟ್ಟುಹೋಯಿತು. ಸಮುದ್ರದಲ್ಲಿ ನೀರು ಚಿಮ್ಮಿಸುವ ಒಂದು ಪ್ರಾಣಿ ಇದೆ, ಅದರ ರೂಪವನ್ನು ಸೂರಿಗೆ ಇಟ್ಟರೆ ಬೆಂಕಿ ಬರದು ಎಂದು ಯಾರೋ ಮಂತ್ರವಾದಿ ಹೇಳಿದನೆಂದು ಹಳೆಯ ಕತೆ. ಮರದ ಅರಮನೆ ಸುಡುವುದು ಏನೆಂದು ಮೈಸೂರಿನವರಿಗೆ ಹೇಳಬೇಕಾಗಿಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ನಮ್ಮದೂ ಸುಟ್ಟಿತು. ಆಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ ಕಲ್ಲಿನಲ್ಲಿ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆಯ ಮುಂಭಾಗದ ನಡುಗಮಾನಿನ ಮೇಲೆ ಏನಿದೆ, ದಸರಾದಲ್ಲಿ ದೀಪ ನೋಡುವ ಗಡಿಬಿಡಿಯಲ್ಲಿ ಎಷ್ಟು ಜನ ಗಮನಿಸಿದ್ದೀರಿ? ಗಜಲಕ್ಷ್ಮಿ. ಆನೆಗಳು ನೀರೆರೆಯುವ ದೇವತೆ. ಬೆಂಕಿಗೆ ಹೆದರಿ ಇಟ್ಟರು ಎಂದು ನಾನು ಹೇಳುತ್ತಿಲ್ಲ, ಗಜಲಕ್ಷ್ಮಿ ನಮ್ಮಲ್ಲಿ ಪ್ರತಿ ಎರಡನೇ ಬಾಗಿಲವಾಡದ ಮೇಲೂ ಇದ್ದಾಳೆ. ಆದರೂ ಅಲ್ಲಿ ನಿಂತು ಕತ್ತೆತ್ತಿದಾಗ ನನಗೆ ಛಿವೆನ್ ನೆನಪಾಗುತ್ತದೆ, ಏನು ಮಾಡಲಿ?

ಜಪಾನಿನಲ್ಲಿ ಇದೇ ಪ್ರಾಣಿಗೆ ಹುಲಿಯ ತಲೆ, ಮೀನಿನ ಮೈ. ನಗೋಯಾ ಕೋಟೆಯ ನೆತ್ತಿಯಲ್ಲಿ ಚಿನ್ನದ ಜೋಡಿ ಇತ್ತು. 1945ರ ಬಾಂಬಿನಲ್ಲಿ ಕೋಟೆಯೊಂದಿಗೆ ಅದೂ ಬೆಂದುಹೋಯಿತು. ಬೆಂಕಿ ಕಾಯುವ ಪ್ರಾಣಿಯೂ ಅಷ್ಟು ಬೆಂಕಿಗೆ ಏನು ಮಾಡೀತು ಪಾಪ. 1959ರಲ್ಲಿ ಕೋಟೆ ಮತ್ತೆ ಕಟ್ಟಿದರು, ಜೋಡಿ ಮೀನನ್ನೂ ಕೂರಿಸಿದರು.

ವಿಯೆಟ್ನಾಮಿನ ಹುಯೆ ಅರಮನೆಯದು ಇನ್ನೊಂದು ಚಂದ. ಅಲ್ಲಿ ಗಾರೆಯಲ್ಲಿ ಡ್ರ್ಯಾಗನ್ ಮಾಡಿ, ಒಡೆದ ಪಿಂಗಾಣಿ ಬಟ್ಟಲು ತಟ್ಟೆಗಳ ಚೂರನ್ನು ಒಂದೊಂದೇ ಚುಚ್ಚಿ ಹುರುಪೆ ಮಾಡುತ್ತಾರೆ. ನನ್ನ ಶೆಡ್ಡಿನಲ್ಲಿ ಒಡೆಯುವ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಗತಿ ನಾನು ಕಂಡಿಲ್ಲ.

ಈ ನೀರುಗುಳುವ ಪ್ರಾಣಿ ಚೀನಾದಲ್ಲಿ ಈಗಿನ ರೂಪಕ್ಕೆ ಬಂದದ್ದು ನಮ್ಮ ಮಕರದ ಪ್ರಭಾವದಿಂದ ಎಂದು ಕಲೆಯ ಇತಿಹಾಸ ಬಲ್ಲವರು ಹೇಳುತ್ತಾರೆ. ಬೌದ್ಧರ ಜೊತೆ ಮಕರ ಆ ಕಡೆ ಹೋಯಿತು. ಇದನ್ನು ಓದಿದ ಭಾನುವಾರವೇ ನಾನು ಬಸ್ಸು ಹತ್ತಿ ಕೆ.ಆರ್. ಪೇಟೆ ಕಡೆಯ ಹೊಸಹೊಳಲಿಗೆ ಹೋದೆ. ಹೊಯ್ಸಳರ ಗುಡಿ ಎಂದರೆ ಸೋಮನಾಥಪುರ ಎಲ್ಲರಿಗೂ ಗೊತ್ತು. ಹೊಸಹೊಳಲಿಗೆ ಹೋದರೆ ಲಕ್ಷ್ಮೀನಾರಾಯಣನೂ ನೀವೂ ಇಬ್ಬರೇ. ತಳಪಾಯದ ಪಟ್ಟಿಗಳನ್ನು ಕೆಳಗಿನಿಂದ ನೋಡುತ್ತಾ ಬನ್ನಿ: ಆನೆ, ಕುದುರೆ, ಬಳ್ಳಿ, ಪುರಾಣದ ಕತೆ, ಅದರ ಮೇಲೆ ಮಕರ, ಕೊನೆಗೆ ಹಂಸ. ಕತೆಯ ಪಟ್ಟಿ ನೋಡಿ ಮುಂದೆ ಹೋಗುತ್ತೇವೆ, ಮಕರದ ಸಾಲನ್ನು ನೋಡುವವರು ಕಮ್ಮಿ. ನಾನು ಅವತ್ತು ಮಂಡಿಯೂರಿ ಅದನ್ನೊಂದೇ ನೋಡಿದೆ. ಮೇಲಕ್ಕೆ ಸುತ್ತಿದ ಆನೆ ಸೊಂಡಿಲು, ಮೊಸಳೆಯ ದವಡೆ, ಹಿಂದುಗಡೆ ನವಿಲಿನಂತೆ ಸುರುಳಿ ಸುರುಳಿಯಾಗಿ ಎದ್ದ ಬಾಲ. ಬಾಯಿಂದ ಏನೋ ಉಕ್ಕುತ್ತಲೇ ಇರುವ ಹಾಗೆ. ವರುಣನಿಗೂ ಗಂಗೆಗೂ ವಾಹನ ಅದು. ಎಷ್ಟೋ ಗುಡಿಗಳಲ್ಲಿ ಅಭಿಷೇಕದ ನೀರು ಹೊರಬೀಳುವ ಕಡೆ ಅದರ ಬಾಯಿ ಇರುತ್ತದೆ. ನಿಮ್ಮ ದೇವರಮನೆಯ ಬೆಳ್ಳಿ ಪ್ರಭಾವಳಿ ನೋಡಿ, ಎರಡು ಬುಡದಲ್ಲಿ ಎರಡು ಮಕರ, ನೆತ್ತಿಯಲ್ಲಿ ಸಿಂಹಲಲಾಟ.

ಸಿಂಹಲಲಾಟದ ಕತೆ ಗೊತ್ತಲ್ಲ? ಜಲಂಧರನ ದೂತನಾಗಿ ಬಂದ ರಾಹು ಪಾರ್ವತಿಯನ್ನೇ ಕೇಳಿದಾಗ ಶಿವನ ಹುಬ್ಬಿನ ನಡುವಿನಿಂದ ಹುಟ್ಟಿದ ಹಸಿದ ಪ್ರಾಣಿ ಅದು. ರಾಹು ಕಾಲಿಗೆ ಬಿದ್ದ. ಅವನನ್ನು ಬಿಟ್ಟು ನಿನ್ನನ್ನೇ ತಿನ್ನು ಎಂದ ಶಿವ. ಪಾಪದ್ದು ಬಾಲದಿಂದ ಶುರು ಮಾಡಿ ಮುಖ ಒಂದುಳಿಯುವವರೆಗೆ ತಿಂದಿತು. ಕೀರ್ತಿಮುಖ ಎಂದು ಹೆಸರಿಟ್ಟು ಬಾಗಿಲ ಮೇಲೆ ಇರು ಅಂದ. ಇನ್ನು ನಂಜನಗೂಡಿಗೆ ಹೋಗಿ ಶ್ರೀಕಂಠೇಶ್ವರನ ಗೋಪುರದ ತುದಿ ನೋಡಿ. ನೆತ್ತಿಯ ದಿಂಡಿನ ಮೇಲೆ ಏಳು ಕಳಸ, ದಿಂಡಿನ ಎರಡು ಕೊನೆಗೆ ಎದ್ದ ಕೊಂಬು. ಬೀಜಿಂಗಿನಲ್ಲಿ ಛಿವೆನ್ ಬಾಲ ಏಳುವ ಜಾಗದಲ್ಲೇ ಇಲ್ಲಿ ಕೊಂಬು ಎದ್ದಿದೆ.

ಅಂದಮೇಲೆ ಪ್ರಾಣಿ ನಮ್ಮದೇ, ನೆತ್ತಿಯೂ ಇತ್ತು. ಮನೆಯ ಸೂರಿಗೆ ಮಾತ್ರ ಯಾಕೆ ಬರಲಿಲ್ಲ?

ನನ್ನ ಊಹೆ ಎರಡು. ಒಂದು, ಕಳಸ ದೇವರಿಗೆ ಮತ್ತು ಅರಸರಿಗೆ ಎಂಬ ಅಳುಕು. ನಾಡಹೆಂಚು ಹೊದಿಸಿದವನು, ಕಬ್ಬಿನ ಸೋಗೆ ಹೊದಿಸಿದವನು ಅದರ ಮೇಲೆ ಪ್ರಾಣಿ ಕೂರಿಸಿದರೆ ಊರು ಸುಮ್ಮನಿರುತ್ತಿತ್ತೇ? ಬೇರೆ ಕಡೆಯೂ ಹೀಗೇ. ಜಪಾನಿನ ಓಕಿನಾವದಲ್ಲಿ ಸಾಮಾನ್ಯರು ಹೆಂಚು ಹೊದಿಸುವಂತೆಯೇ ಇರಲಿಲ್ಲ, 1889ರವರೆಗೂ ನಿಷೇಧ. ಅದು ಎದ್ದ ಮೇಲೆ ಹೆಂಚು ಕೆಲಸದವರು ಉಳಿದ ಚೂರು, ಉಳಿದ ಗಾರೆ ಸೇರಿಸಿ ಸೂರಿನ ಮೇಲೆ ಒಂದು ಸಿಂಹ ಮಾಡಿ ಕೂರಿಸಿ ಬರುತ್ತಿದ್ದರು. ಅದಕ್ಕೆ ಶೀಸಾ ಅನ್ನುತ್ತಾರೆ, ಒಂದರಂತೆ ಒಂದಿಲ್ಲ.

ಎರಡನೆಯದು, ನಮ್ಮವರು ಬೇರೊಂದು ಸಂದನ್ನು ಕಾಯುತ್ತಿದ್ದರು. ಒಳಗೂ ಹೊರಗೂ ಕೂಡುವ ಸಂದು ಯಾವುದು? ಹೊಸಿಲು. ಅಲ್ಲಿಗೆ ಅರಿಶಿನ, ಮೇಲೆ ಮಾವಿನ ತೋರಣ, ಬಾಗಿಲವಾಡಕ್ಕೆ ಗಜಲಕ್ಷ್ಮಿ. ನೆತ್ತಿಯಲ್ಲಿ ಸೋರಿದರೆ ಪಾತ್ರೆ ಇಟ್ಟರಾಯಿತು! ಈಗ ಆರ್‌ಸಿಸಿ ಬಂದು ನೆತ್ತಿಯೇ ಇಲ್ಲ, ಮನೆಗೆ ತಲೆ ಬೋಳು. ಹಾಗಂತ ಪ್ರಾಣಿ ಹೋಯಿತೇ? ಬೋಗಾದಿ, ದಟ್ಟಗಳ್ಳಿ ಕಡೆ ಅರ್ಧ ಎದ್ದ ಮನೆಗಳನ್ನು ನೋಡಿ. ಮುಂದೆ ಮಗ ಮೇಲೊಂದು ಮಹಡಿ ಕಟ್ಟಲಿ ಎಂದು ಪಿಲ್ಲರಿನ ಕಂಬಿಗಳನ್ನು ಹಾಗೇ ಬಿಟ್ಟಿರುತ್ತಾರಲ್ಲ, ದೃಷ್ಟಿಗೊಂಬೆ ನೇತಾಡುವುದು ಆ ಕಂಬಿಗೆ. ಹಳೇ ಮನೆಯೂ ಇನ್ನೂ ಹುಟ್ಟದ ಮನೆಯೂ ಕೂಡಬೇಕಾದ ಸಂದು ಅದು. ನಾಲಿಗೆ ಚಾಚಿದ ಆ ಕೆಂಪು ಮುಖವನ್ನು ನಾನೀಗ ಹಗುರಾಗಿ ನೋಡುವುದಿಲ್ಲ.

ಮಕರ ಮನೆಗೆ ಬಂದ ಇನ್ನೊಂದು ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ. ಟಿಬೆಟಿನ ಗುಡಿಗಳ ಸೂರಿನ ಮೂಲೆಗಳಿಗೆ ಲೋಹದ ಮಕರದ ತಲೆ ಕೂರಿಸುವುದು ಅವರ ವಾಡಿಕೆ. ಛುಸಿನ್ ಅನ್ನುತ್ತಾರೆ, ನೀರಿನ ರಾಕ್ಷಸ ಎಂದರ್ಥ. ಇಲ್ಲಿಂದ ಹಿಮಾಲಯ ದಾಟಿದ ಪ್ರಾಣಿ, 1960ರ ದಶಕದಲ್ಲಿ ನಿರಾಶ್ರಿತರ ಜೊತೆ ಕಾವೇರಿ ಸೀಮೆಗೆ ಮರಳಿದೆ. ಅಲ್ಲಿಗೆ ಹೋದವರು ನಾವು ಬುದ್ಧನ ಮುಂದೆ ಸೆಲ್ಫಿ ತೆಗೆದು, ಮೊಮೊ ತಿಂದು ಬರುತ್ತೇವೆ.

ಇಂಗ್ಲೆಂಡಿನ ಡ್ರ್ಯಾಗನ್ನಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಯಾದವಗಿರಿಯವರಿಗೆ ಮೋಸವಾಗುತ್ತದೆ. ಯುರೋಪಿನವರಿಗೂ ಇದು ಹೊಸತಲ್ಲ. ನಾರ್ವೆಯ ಬೋರ್ಗುಂಡ್‌ನಲ್ಲಿ 800 ವರ್ಷ ಹಳೆಯ ಮರದ ಚರ್ಚಿನ ಸೂರಿಗೆ ಡ್ರ್ಯಾಗನ್ ತಲೆಗಳಿವೆ. ಆಮೇಲೆ ಚೀನಾದ ಹುಚ್ಚು ಹಿಡಿಯಿತು. ಲಂಡನ್ನಿನ ಕ್ಯೂ ತೋಟದಲ್ಲಿ 1762ರಲ್ಲಿ ವಿಲಿಯಂ ಚೇಂಬರ್ಸ್ ಹತ್ತು ನೆಲೆಯ ಪಗೋಡ ಕಟ್ಟಿ ಅದರ ಮೂಲೆಮೂಲೆಗೂ ಮರದ ಡ್ರ್ಯಾಗನ್ ಹಾಕಿಸಿದ, ಒಟ್ಟು 80. ಅವು 1784ರಲ್ಲಿ ಇಳಿದವು, ಮತ್ತೆ ಕಾಣಲಿಲ್ಲ. ರಾಜಕುಮಾರ ಜೂಜಿನ ಸಾಲಕ್ಕೆ ಮಾರಿಕೊಂಡ ಎಂದು ಜನ ಆಡಿಕೊಂಡರು. ಬಹುಶಃ ಮಳೆಗೆ ಕೊಳೆತಿದ್ದವು. 2018ರಲ್ಲಿ ಮತ್ತೆ 80 ಕೂರಿಸಿದರು. ಕೆಳಗಿನ ಎಂಟು ಮಾತ್ರ ಕೆತ್ತಿದ ಮರ. ಮೇಲಿನ 72ನ್ನು ಭಾರ ಕಮ್ಮಿ ಇರಲೆಂದು ತ್ರೀಡಿ ಪ್ರಿಂಟರಿನಲ್ಲಿ ನೈಲಾನಿನಿಂದ ಮಾಡಿದ್ದು. ಸಾಮಾನ್ಯರ ಮನೆಗೆ ಮಣ್ಣಿನ ಡ್ರ್ಯಾಗನ್ ಬಂದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ, ಕಾರ್ಖಾನೆಗಳು ಕ್ಯಾಟಲಾಗ್ ಹಿಡಿದು ಮಾರತೊಡಗಿದಾಗ. ನಮ್ಮ ಅರಮನೆಯೂ ಆ ಕಾಲದ್ದೇ ಗಿರಾಕಿ. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಎರಕದ ಮನೆಯವು. ಸೂರಿನ ನೆತ್ತಿಗೆ ಬೇಕಾದ ಅಲಂಕಾರವೂ ಅದೇ ಕಂಪನಿಯ ಕ್ಯಾಟಲಾಗಿನಲ್ಲಿರುತ್ತಿತ್ತು.

ಇಂಗ್ಲೆಂಡಿನ ಹಳೇ ಡ್ರ್ಯಾಗನ್‌ಗಳಲ್ಲಿ ನನಗೆ ಹಿಡಿಸಿದ್ದು ಒಂದು. ಎಷ್ಟೋ ಕಡೆ ಡ್ರ್ಯಾಗನ್ ಬೇರೆ, ನೆತ್ತಿಹೆಂಚು ಬೇರೆ ಅಲ್ಲ. ಎರಡನ್ನೂ ಒಂದೇ ಮಣ್ಣಿನಲ್ಲಿ ಒಂದೇ ತುಂಡಾಗಿ ಮಾಡಿ ಸುಟ್ಟಿದ್ದು. ಪ್ರಾಣಿ ಕೂತಿಲ್ಲ, ಹೆಂಚಿಂದಲೇ ಎದ್ದಿದೆ. ನಾನೂ ಹಾಗೇ ಮಾಡಲು ಹೊರಟೆ, ಕೆಟ್ಟೆ.

ಆಗಸ್ಟ್ ತಿಂಗಳು, ಹಸಿ ಗಾಳಿ. ದಸರಾಕ್ಕೆ ನೆಂಟರು ಬರುತ್ತಾರೆ, ಅಷ್ಟರಲ್ಲಿ ಬೇಕು ಅಂದಿದ್ದರು. ಕೆರೆ ಮಣ್ಣಿಗೆ ಹೆಂಚಿನ ಪುಡಿ ಬೆರೆಸಿ ಮೆಟ್ಟಿ, ಎರಡಡಿ ಎತ್ತರದ ಡ್ರ್ಯಾಗನ್ ಎಬ್ಬಿಸಿದೆ. ಎದೆ ಗಟ್ಟಿಯಾಗಿ ಕಾಣಲಿ ಅಂತ ಅಲ್ಲಿ ಮಣ್ಣು ತುಂಬಿದೆ, ಟೊಳ್ಳು ಬಿಡಲಿಲ್ಲ. ಹನ್ನೆರಡನೇ ದಿನಕ್ಕೆ ಮೇಲೆ ಒಣಗಿದ ಬಣ್ಣ ಬಂತು. ಕೆನ್ನೆಗೆ ಒತ್ತಿ ನೋಡಿದರೆ ತಣ್ಣಗಿತ್ತು, ಅಂದರೆ ಒಳಗೆ ಇನ್ನೂ ಹಸಿ ಇದೆ ಎಂದೇ ಅರ್ಥ. ಗೊತ್ತಿದ್ದೂ ಆವಿಗೆಗೆ ಇಟ್ಟೆ. ಬೆಂಕಿ ಹಾಕಿ ಎರಡು ಗಂಟೆಗೆ ಒಳಗಿನಿಂದ ‘ಡಬ್’ ಅಂತ ಒಂದು ಸದ್ದು, ತೆಂಗಿನಕಾಯಿ ಈಡುಗಾಯಿ ಒಡೆದ ಹಾಗೆ. ಒಳಗಿನ ನೀರು ಆವಿಯಾಗಿ, ಹೊರಗೆ ಬರಲು ದಾರಿಯಿಲ್ಲದೆ ಎದೆ ಒಡೆದುಕೊಂಡು ಬಂದಿತ್ತು. ಮಾರನೇ ದಿನ ತೆಗೆದರೆ ತಲೆ ಒಂದು ಉಳಿದಿದೆ. ಥೇಟು ಕೀರ್ತಿಮುಖ.

ಎರಡನೆಯದನ್ನು ಬುದ್ಧಿ ಕಲಿತು ಮಾಡಿದೆ. ಮೈಯೆಲ್ಲ ಟೊಳ್ಳು, ಗೋಡೆ ಎಲ್ಲಾ ಕಡೆ ಒಂದೇ ದಪ್ಪ, ಹೊಟ್ಟೆಯಡಿ ಬೆರಳು ತೂರುವ ತೂತು. ಆ ಮಣ್ಣು ಒಣಗಿ ಬೆಂದಾಗ ಹತ್ತಕ್ಕೆ ಒಂದರಷ್ಟು ಕುಗ್ಗುತ್ತದೆ, ಹಾಗಾಗಿ ಅಡಿಯ ಹೆಂಚನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ರೆಕ್ಕೆ ಬಿಚ್ಚಲಿಲ್ಲ, ಮಡಿಸಿದೆ. ಬಿಚ್ಚಿದ ರೆಕ್ಕೆ ಫೋಟೊಗೆ ಚಂದ, ಗಾಳಿಗೆ ಹಾಯಿ. ಮುಖಕ್ಕೆ ಬಂದಾಗ ಕೈ ತಾನಾಗಿ ಹೊಸಹೊಳಲಿನ ಕಡೆ ಹೊರಳಿತು, ಮೂಗು ಸೊಂಡಿಲಾಯಿತು. ಯಜಮಾನರು ನೋಡಿ, “ಮೇಡಂ, ಇದು ಡ್ರ್ಯಾಗನ್ನಾ, ಆನೆನಾ?” ಅಂದರು. ಇಬ್ಬರಿಗೂ ಅಜ್ಜ ಅಂದೆ.

ಕೂರಿಸುವ ದಿನ ಮೇಸ್ತ್ರಿ ಸಿಮೆಂಟ್ ಮುಟ್ಟಲಿಲ್ಲ, ಸುಣ್ಣದ ಗಾರೆಯಲ್ಲೇ ಕೂರಿಸಿದರು. ಸಿಮೆಂಟ್ ಹೆಂಚಿಗಿಂತ ಗಟ್ಟಿ. ಬಿಸಿಲಿಗೆ ಸೂರು ಹಿಗ್ಗಿ ಕುಗ್ಗುವಾಗ ಬಿರಿಯುವುದು ಹೆಂಚು. ಒಳಗೆ ಕೊಟ್ಟ ಸರಳು ತುಕ್ಕು ಹಿಡಿಯದ ಸ್ಟೀಲಿನದು. ಕಬ್ಬಿಣ ಹಾಕಿದ್ದರೆ ತುಕ್ಕು ಹಿಡಿದು ಉಬ್ಬಿ ಒಳಗಿಂದಲೇ ಮಣ್ಣನ್ನು ಸೀಳುತ್ತಿತ್ತು.

ಮೂರನೇ ದಿನ ಎದುರುಮನೆಯ ಅಜ್ಜಿ ನನ್ನನ್ನು ಗೇಟಿನಲ್ಲೇ ಹಿಡಿದುಕೊಂಡರು. “ಏನಮ್ಮ, ಆ ನಿಮ್ಮ ಪ್ರಾಣಿ ನಮ್ಮ ಬಾಗಿಲು ನೋಡ್ಕೊಂಡು ಬಾಯಿ ಬಿಟ್ಟಿದೆಯಲ್ಲ, ನಾವೇನು ಮಾಡಿದ್ವಿ ಅದಕ್ಕೆ?” ಯಜಮಾನರು ವಾದಕ್ಕೆ ನಿಲ್ಲುವವರಿದ್ದರು. ಮೇಸ್ತ್ರಿ ಮಾತೇ ಆಡದೆ ಮೇಲೆ ಹತ್ತಿ, ಹಸಿ ಗಾರೆ ಬಿಡಿಸಿ, ಡ್ರ್ಯಾಗನ್ನನ್ನು ಒಳಮುಖ ತಿರುಗಿಸಿ ಕೂರಿಸಿದರು. ಛಿವೆನ್ ಕೂತಿರುವುದೂ ಹಾಗೆಯೇ, ಸ್ವಂತ ಸೂರನ್ನು ಕಚ್ಚಿಕೊಂಡು! ಅವರಿಗೆ ಬೀಜಿಂಗಿನ ವಿಷಯ ನಾನು ಹೇಳಿರಲಿಲ್ಲ.

ಅಜ್ಜಿಗೆ ಸಮಾಧಾನವಾಯಿತು. ಯಜಮಾನರಿಗೆ ಬೇಜಾರು, ರಸ್ತೆಯಿಂದ ನೋಡಿದರೆ ಬಾಲ ಮಾತ್ರ ಕಾಣುತ್ತದೆ.

ಮಾತು ಮುಗಿದ ಮೇಲೆ ಒಬ್ಬರು ಎದ್ದು, ಆ ಮನೆ ಎಲ್ಲಿ, ಹೋಗಿ ನೋಡಬಹುದೇ ಎಂದು ಕೇಳಿದರು. ನೋಡಬಹುದು, ಆದರೆ ಸ್ವಲ್ಪ ತಡೆಯಿರಿ ಅಂದೆ. ಕಳೆದ ತಿಂಗಳು ಕೋತಿಯೊಂದು ಬಾಲ ಹಿಡಿದು ಜೋತಾಡಿ ಕಿತ್ತುಕೊಂಡು ಹೋಗಿದೆ. ಈಗ ರಸ್ತೆಗೆ ಕಾಣುವುದು ಒಂದು ಸ್ಟೀಲ್ ಸರಳು. ಹೊಸ ಬಾಲ ನನ್ನ ಶೆಡ್ಡಿನ ಹಲಗೆಯ ಮೇಲಿದೆ, ಇಪ್ಪತ್ತೆರಡು ದಿನವಾಯಿತು. ಇವತ್ತು ಬೆಳಿಗ್ಗೆಯೂ ಕೆನ್ನೆಗೆ ಒತ್ತಿ ನೋಡಿದೆ, ಇನ್ನೂ ತಣ್ಣಗಿದೆ.